ಹೆಚ್ ಅಂದರೆ ಹದಿನಾರಲ್ಲ

ನಂಜನಗೂಡಿನಿಂದ ಸುತ್ತೂರು ದಾರಿಯಾಗಿ ನರಸೀಪುರಕ್ಕೆ ಹೋಗುವ ಸಾರಿಗೆ ಬಸ್ಸಿಗೆ ಹೊಸದಾಗಿ ಬಂದ ಕಂಡಕ್ಟರುಗಳೆಲ್ಲ ಒಂದೇ ತಪ್ಪು ಮಾಡುತ್ತಾರೆ. ಹತ್ತಿದವರು ಯಾರೋ “ಅದಿನಾರು ಕೊಡಮ್ಮ” ಎಂದು ಕೈ ಚಾಚುತ್ತಾರೆ. ಕಂಡಕ್ಟರು ಟಿಕೆಟ್ ಮೆಷಿನ್ ಹಿಡಿದುಕೊಂಡು, ಮಿಕ್ಕ ಹದಿನೈದು ಮಂದಿ ಎಲ್ಲಿ ಎಂದು ಹಿಂದಿನ ಸೀಟುಗಳತ್ತ ನೋಡುತ್ತಾರೆ. ಹದಿನಾರು ಎಂಬುದು ಆ ದಾರಿಯಲ್ಲಿರುವ ಊರಿನ ಹೆಸರು ಎಂದು ಯಾರಾದರೂ ಹೇಳುವಷ್ಟರಲ್ಲಿ ಅರ್ಧ ಬಸ್ಸು ನಕ್ಕಿರುತ್ತದೆ.

ಹೆಚ್.ಸಿ. ಇಂದ್ರಾಣಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ತಪ್ಪು ಮಾಡಿದ್ದರು. ಆಮೇಲೆ ಮಾಡಲಿಲ್ಲ. ಈಗ ಅವರಿಗೆ ನಲವತ್ತೇಳು ವರ್ಷ. ಈ ದಾರಿಯಲ್ಲಿ ಜನ ಆಡುವುದು ಒಂದು, ಕಾಗದದ ಮೇಲಿರುವುದು ಇನ್ನೊಂದು ಎಂಬುದು ಅವರಿಗೆ ಕಸುಬಿನ ಪಾಠ. ಇಲ್ಲಿ ಹಳ್ಳಿ ‘ಅಳ್ಳಿ’, ಹೊಳೆ ‘ಒಳೆ’. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಪ್ರತಿಯೊಬ್ಬರ ಆಧಾರ್ ಕಾರ್ಡನ್ನೂ ನೋಡಬೇಕಾಗಿ ಬಂತು. ಆಗ ಈ ಪಾಠ ಇನ್ನೂ ಗಟ್ಟಿಯಾಯಿತು. ಮರಿತಾಯಮ್ಮ ಎಂದರೆ ಓಗೊಡುವ ಅಜ್ಜಿ ಕಾರ್ಡಿನಲ್ಲಿ ‘ಮರಿ ತಯಮ’ ಆಗಿದ್ದರು.

“ಇದ್ಯಾರಮ್ಮ ಇದು?” ಎಂದು ಇಂದ್ರಾಣಿ ಕೇಳಿದ್ದರು.

“ನಾನೇ ಕಣವ್ವ. ಗೌರ್ಮೆಂಟ್ನೋರು ಅಂಗ್ ಕರೀತಾರೆ.”

ಊರವರ ಹೆಸರುಗಳನ್ನೆಲ್ಲ ಹೀಗೆ ನೇರ ಮಾಡಿಕೊಂಡು ಓದಬಲ್ಲ ಇಂದ್ರಾಣಿಗೆ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ನೇರ ಮಾಡಿಕೊಳ್ಳಲು ಆಗಿರಲಿಲ್ಲ. ಎದೆಯ ಬ್ಯಾಡ್ಜಿನ ಮೇಲೆ ಹೆಚ್.ಸಿ. ಎಂದಿದೆ. ಸಿ ಅಂದರೆ ತಂದೆ ಚನ್ನಯ್ಯ. ಈ ಸೀಮೆಯಲ್ಲಿ ಮೊದಲ ಅಕ್ಷರ ಸಾಮಾನ್ಯವಾಗಿ ಊರಿನದು. ಆದ್ದರಿಂದ ಡಿಪೋದಲ್ಲಿ ಎಲ್ಲರೂ ಹೆಚ್ ಎಂದರೆ ಹದಿನಾರು ಎಂದುಕೊಂಡಿದ್ದರು. ಇಂದ್ರಾಣಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಅವರ ಊರು ಬಸರಿಹುಂಡಿ. ನಂಜನಗೂಡು ತಾಲ್ಲೂಕು ಅಲ್ಲಿಗೆ ಮುಗಿಯುತ್ತದೆ. ಹೊಲದಾಚೆ ನರಸೀಪುರ ತಾಲ್ಲೂಕಿನ ತೊರೆಕೊಪ್ಪಲು. ಹೆಚ್ ಎಂಬುದು ಹದ್ದು. ಊರಿನ ಹಳಬರ ಬಾಯಲ್ಲಿ ಆ ಮನೆಯವರು ‘ಅದ್ದಿನೋರು’, ಬರವಣಿಗೆಯಲ್ಲಿ ‘ಹದ್ದಿನವರು’. ಯಾಕೆ ಹಾಗೆ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರವೂ ಒಂದೇ: ಊರಲ್ಲಿ ದನ ಸತ್ತರೆ ಹದ್ದಿಗಿಂತ ಮೊದಲು ಬಂದು ನಿಲ್ಲುತ್ತಿದ್ದವರು ಈ ಮನೆಯವರು.

ಆ ಅಕ್ಷರದ ಮಾತು ಮತ್ತೆ ಎದ್ದದ್ದು ಒಂದು ಶಾಲೆಯ ಕಂಪ್ಯೂಟರಿನಿಂದ. ಇಂದ್ರಾಣಿಯ ತಮ್ಮ ಮಾದೇಶ್ ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಅವರ ಮಗಳು ಯಶೋಧರಾ ಹತ್ತನೇ ತರಗತಿ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕು ಎಂದು ಶಾಲೆಯ ಗುಮಾಸ್ತ ಗುರುಪ್ರಸಾದ್ ಚೀಟಿ ಕಳಿಸಿದ್ದರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೇಗೆ ಬಂದರೆ ಮುಂದೆ ಎಲ್ಲ ಕಡೆಯೂ ಹಾಗೇ. ತಿದ್ದಿಸಲು ಹೊರಟವರ ಚಪ್ಪಲಿ ಸವೆದ ಕಥೆಗಳು ಎಲ್ಲರಿಗೂ ಗೊತ್ತಿವೆ. ಯಶೋಧರಾ ಹೆಚ್.ಎಂ. ಎಂಬಲ್ಲಿ ಎಂ ಮಾದೇಶ್. ಹೆಚ್ ಏನು?

ಭಾನುವಾರ ಮಧ್ಯಾಹ್ನ ಮಾದೇಶರ ಮನೆಯಲ್ಲಿ ಊಟಕ್ಕೆ ಕುಳಿತಾಗ ಅವರು ತೀರ್ಮಾನ ಮಾಡಿಯೇ ಕುಳಿತಿದ್ದರು.

“ಹದಿನಾರು ಅಂತ ಬರೆಸ್ತೀನಿ. ಮುಗೀತು.”

ತಾಯಿ ಪಾಪಮ್ಮ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟರು. “ಅದಿನಾರಾ? ಆ ಊರ್ನಲ್ಲಿ ಒಂದ್ ಲೋಟ ನೀರ್ ಕುಡ್ದೋನಲ್ಲ ನಿಮ್ಮಪ್ಪ. ಯಾವೂರ್ಗೆ ಯಾರ್ನಲಾ ಸೇರಿಸ್ತೀಯ?”

“ಮತ್ತೇನ್ ಬರೆಸ್ಲವ್ವ? ಹದ್ದು ಅಂತಲಾ? ಮಗು ಮುಂದೆ ಕಾಲೇಜಿಗೆ ಹೋಗಲ್ವಾ? ನಾನು ಪಟ್ಟಿದ್ದು ಸಾಲ್ದಾ?”

ಮಾದೇಶ್ ಪಟ್ಟದ್ದು ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಸರಿಹುಂಡಿ ಶಾಲೆಯಲ್ಲಿ ಅವರು ಬುತ್ತಿ ಬಿಚ್ಚಿದರೆ ಹುಡುಗರು ಎರಡೂ ತೋಳು ಚಾಚಿ, ಸದ್ದಿಲ್ಲದೆ, ಅವರ ಸುತ್ತ ಸುತ್ತು ಹಾಕುತ್ತಿದ್ದರು. ಮೇಷ್ಟರು ನೋಡಿದರೂ ಬೈಯಲು ಕಾರಣ ಸಿಗದ ಹಾಗೆ ಸುಮ್ಮನೆ ಸುತ್ತುತ್ತಿದ್ದರು. ಕೊನೆಗೆ ಮಾದೇಶ್ ಮಧ್ಯಾಹ್ನದ ಬುತ್ತಿ ಒಯ್ಯುವುದನ್ನೇ ಬಿಟ್ಟಿದ್ದರು.

“ಹದಿನಾರು ಅಂತ ಇದ್ರೆ ಹದಿನೇಳೆಲ್ಲಿ ಅಂತ ಕೇಳ್ತಾರೆ,” ಎಂದಳು ಯಶೋಧರಾ. ಯಾರೂ ನಗದಿದ್ದಾಗ, “ಹೆಸರು ನಂದು ತಾನೇ? ಸುಳ್ಳೂರು ಬೇಡ ಅಪ್ಪ,” ಎಂದಳು.

ಇಂದ್ರಾಣಿ ಊಟ ಮುಗಿಸಿ ಕೈ ತೊಳೆದು ಬಂದು ತಮ್ಮನ ಎದುರು ಕುಳಿತರು. “ಕೊನೇ ತಾರೀಕಿನ ತನಕ ಟೈಮ್ ಕೊಡು. ಹದ್ದು ಅಂದ್ರೆ ಊರವರು ಹೇಳೋದೇ ನಿಜ ಅಂತ ಗೊತ್ತಾದ್ರೆ, ನಾನೇ ಸ್ಕೂಲಿಗೆ ಬಂದು ಹದಿನಾರು ಅಂತ ಬರೆಸ್ತೀನಿ. ನನ್ನ ಬ್ಯಾಡ್ಜಿಂದಲೂ ಹೆಚ್ ತೆಗೆಸ್ತೀನಿ.”

“ಅಲ್ಲ ಅಂತ ಗೊತ್ತಾದ್ರೆ?”

“ಇರೋದನ್ನ ಇದ್ದಂಗೆ ಬರೆಸ್ಬೇಕು. ನೀನು ಸೈನ್ ಹಾಕ್ಬೇಕು.”

ಮಾದೇಶ್ ಒಪ್ಪಿದರು. ಅಕ್ಕ ಸೋಲುತ್ತಾಳೆ ಎಂಬ ನಂಬಿಕೆ ಅವರಿಗಿತ್ತು.

ಮನೆಯಲ್ಲಿ ಕೇಳಿ ತಿಳಿಯುವ ದಾರಿ ಇರಲಿಲ್ಲ. ಪಾಪಮ್ಮ ತಲಕಾಡಿನ ಕಡೆಯಿಂದ ಮದುವೆಯಾಗಿ ಬಂದವರು. ಮಾವ ಸಿದ್ದಯ್ಯ ಆಮೇಲೆ ಬಹಳ ಕಾಲ ಬದುಕಲಿಲ್ಲ. ಗಂಡ ಚನ್ನಯ್ಯ ಮೀಸೆ ಬರುವ ಮೊದಲೇ ರೈಲ್ವೆ ಹಳಿಯ ಕೆಲಸಕ್ಕೆ ನಂಜನಗೂಡಿಗೆ ಬಂದುಬಿಟ್ಟಿದ್ದರು, ಮದುವೆಯಾದ ಮೇಲೂ ಸಂಸಾರ ಮಾತ್ರ ಊರಲ್ಲೇ ಇತ್ತು. ತಂದೆ ಊರಿಗೆ ಮಾಡಿದ ಚಾಕರಿಯ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಹಾಗೆಂದು ಹೆಸರಿನ ಹಿಂದಿನ ಅಕ್ಷರವನ್ನು ಬಿಡಲೂ ಇಲ್ಲ. ಸಂಬಳದ ರಿಜಿಸ್ಟರಿನಲ್ಲಿ ಸಾಯುವ ತನಕ ‘ಹ. ಚನ್ನಯ್ಯ’ ಎಂದೇ ರುಜು ಮಾಡಿದರು.

ಹಾಗಾಗಿ ಇಂದ್ರಾಣಿ ವಾರದ ರಜೆಯ ದಿನ ಕಾಗದಗಳ ಕಡೆ ಹೊರಟರು. ಮೊದಲು ಬಸರಿಹುಂಡಿಯ ಪ್ರಾಥಮಿಕ ಶಾಲೆ. ಹಳೆಯ ದಾಖಲಾತಿ ಪುಸ್ತಕದಲ್ಲಿ ಚನ್ನಯ್ಯನ ಹೆಸರಿನ ಎದುರು ತಂದೆಯ ಹೆಸರು ‘ಹದ್ದಿನ ಸಿದ್ದ’ ಎಂದಿತ್ತು. ಅಂದಿನ ಹೆಡ್ ಮಾಸ್ತರು ಅದರಿಂದಲೇ ಒಂದು ‘ಹ’ ಕತ್ತರಿಸಿ ಮಗನ ಹೆಸರಿಗೆ ಹಚ್ಚಿದ್ದರು. ಅಲ್ಲಿಗೆ ಹೆಸರು ಅಜ್ಜನ ತನಕ ಹೋಯಿತು. ಅರ್ಥ ಇನ್ನೂ ಹುಡುಗರ ಚಾಚಿದ ತೋಳುಗಳಲ್ಲೇ ಇತ್ತು.

ನಂಜನಗೂಡು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಶ್ವೇತ ಎಂಬ ಸಿಬ್ಬಂದಿ ಇದ್ದರು. ಇಂದ್ರಾಣಿಯ ಬಸ್ಸಿನಲ್ಲೇ ದಿನವೂ ಓಡಾಡುವವರು.

“ಯಾವ ಸರ್ವೆ ನಂಬರ್ ಮೇಡಂ?”

“ನಂಬರ್ ಗೊತ್ತಿಲ್ಲ. ಹೆಸರು ಗೊತ್ತು.”

“ಇಲ್ಲಿಗೆ ಹೆಸರು ಹುಡುಕ್ಕೊಂಡು ಯಾರೂ ಬರಲ್ಲ. ಎಲ್ರಿಗೂ ನಂಬರೇ ಬೇಕು. ಅರ್ಜಿ ಕೊಟ್ಟು ಹೋಗಿ, ಊರಿನ ಪುಸ್ತಕ ತೆಗೆಸಿಡ್ತೀನಿ.”

ಮುಂದಿನ ರಜೆಗೆ ಹೋದಾಗ ಪುಸ್ತಕ ಮೇಜಿನ ಮೇಲಿತ್ತು. ಸಂಬಳದ ಬದಲು ಊರ ಚಾಕರಿಯವರಿಗೆ ಬಿಟ್ಟುಕೊಟ್ಟ ಜಮೀನುಗಳ ಪಟ್ಟಿ ಅದು. ಇನಾಮು ಎನ್ನುತ್ತಿದ್ದರು, ಆ ಪದ್ಧತಿ ನಿಂತು ಅರವತ್ತು ವರ್ಷದ ಮೇಲಾಗಿದೆ. ಮಸಿ ಕಂದು ಬಣ್ಣಕ್ಕೆ ತಿರುಗಿದ ಒಂದು ಸಾಲಿನಲ್ಲಿ ‘ಹದ್ದಿನ ಸಿದ್ದ ಬಿನ್ ಚನ್ನ’ ಎಂದಿತ್ತು. ಬಿನ್ ಎಂದರೆ ಮಗ. ಪಕ್ಕದ ಕಾಲಮಿನಲ್ಲಿ ‘ಹದ್ದು ಬಾಬ್ತು ಇನಾಮು’. ಹದ್ದಿನ ಮನೆಯವರ ಬಾಬ್ತು ಇರಬೇಕು ಎಂದುಕೊಂಡು ಇಂದ್ರಾಣಿ ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನಲ್ಲಿ ಏನಿದೆ ಎಂಬ ವಿವರ, ಕೆಳಗಿತ್ತು. ಪೂರ್ವಕ್ಕೆ ತೊರೆಕೊಪ್ಪಲಿನ ಹೊಲ.

“ಪೂರ್ವದವರ ಪುಸ್ತಕದಲ್ಲಿ ಪಶ್ಚಿಮಕ್ಕೆ ನೀವೇ ಇರ್ತೀರಿ,” ಎಂದರು ಶ್ವೇತ. “ಆದರೆ ಅದು ನರಸೀಪುರಕ್ಕೆ ಸೇರಿದ್ದು. ಅಲ್ಲಿಗೇ ಹೋಗ್ಬೇಕು.”

ಇಂದ್ರಾಣಿ ನರಸೀಪುರಕ್ಕೂ ಹೋದರು. ತೊರೆಕೊಪ್ಪಲಿನ ಪುಸ್ತಕದಲ್ಲಿ ಆ ಹೊಲದ ಪಶ್ಚಿಮಕ್ಕೆ ಬಸರಿಹುಂಡಿಯ ಅದೇ ಜಮೀನು ಇತ್ತು. ಒಡೆಯನ ಹೆಸರು ಮಾತ್ರ ಬೇರೆ. ‘ಬಸರಿಹುಂಡಿ ಗರುಡಯ್ಯ ಬಿನ್ ಚನ್ನನ ಇನಾಮು ಭೂಮಿ’ ಎಂದು ದುಂಡನೆಯ ಅಕ್ಷರದಲ್ಲಿ ಬರೆದಿತ್ತು.

ಮಾದೇಶ್ ಆ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರು. ಮುಖ ಸಡಿಲವಾಯಿತು. “ಗರುಡ. ಸರ್ಕಾರಿ ಪುಸ್ತಕದಲ್ಲೇ ಇದೆಯಲ್ಲಕ್ಕ. ಇದನ್ನೇ ಬರೆಸಣ. ನಂಗೂ ಬೇಜಾರಿಲ್ಲ, ನಿಂಗೂ ಬೇಜಾರಿಲ್ಲ.”

“ಗರುಡಕ್ಕೆ ಹೆಚ್ ಎಲ್ಲಿಂದ ತರ್ತೀಯೋ?”

“ಹೆಚ್ ಯಾಕೆ? ಜಿ ಮಾಡಿದ್ರಾಯ್ತು.”

ಪಾಪಮ್ಮ ಅವರೆಕಾಯಿ ಸುಲಿಯುತ್ತಿದ್ದರು. “ನಮ್ಮಾವನ್ನ ಯಾರೂ ಗರುಡಯ್ಯ ಅಂದಿದ್ ನಾ ಕೇಳಿಲ್ಲ. ಅಂದಿದ್ರೆ ಆವಯ್ಯ ತಿರ್ಗೂ ನೋಡ್ತಿರ್ನಿಲ್ಲ.”

ಇಂದ್ರಾಣಿಗೆ ಅದು ಏನೆಂದು ಕೂಡಲೇ ಹೊಳೆದಿತ್ತು. ಅದು ‘ಮರಿ ತಯಮ’ನಂಥದ್ದೇ, ಆದರೆ ಮೇಲಕ್ಕೆ ತಿದ್ದಿದ್ದು. ತೊರೆಕೊಪ್ಪಲಿನ ಶಾನುಭೋಗನ ಕಿವಿಗೆ ಹದ್ದು ಎಂದು ಬಿದ್ದಿದೆ. ಕಚೇರಿಯ ಪುಸ್ತಕಕ್ಕೆ ಹದ್ದು ಚೆನ್ನಾಗಿರುವುದಿಲ್ಲ ಎಂದು ಗರುಡ ಮಾಡಿದ್ದಾನೆ. ಬರೆದವನ ಮರ್ಯಾದೆಗೆ ತಕ್ಕ ಹೆಸರು ಅದು, ಬರೆಸಿದವನದಲ್ಲ. ಆದರೆ ಇದರಿಂದ ಅವರಿಗೆ ಆದದ್ದು ನಷ್ಟ. ಅಷ್ಟು ಹಿಂದೆಯೇ, ಸಿದ್ದಯ್ಯ ಬದುಕಿದ್ದಾಗಲೇ, ಓದು ಬರಹ ಬಲ್ಲವನೊಬ್ಬ ಆ ಮಾತನ್ನು ಹಕ್ಕಿ ಎಂದೇ ತಿಳಿದಿದ್ದ ಎಂದಾಯಿತು. ಪುಸ್ತಕಗಳು ಅವರ ತಮ್ಮನ ಕಡೆಗೆ ಸಾಕ್ಷಿ ಹೇಳಿದ್ದವು.

“ಗರುಡ ಬೇಡ,” ಎಂದರು. “ಸುಳ್ಳೇ ಬರೆಸೋದಾದ್ರೆ ಹದಿನಾರೇ ವಾಸಿ, ಬಸ್ಸಾದ್ರೂ ನಿಲ್ಲತ್ತೆ.”

ನೋಂದಣಿಗೆ ಆ ವಾರವೇ ಕೊನೆ. ಮಾತು ಕೊಟ್ಟಿದ್ದೇನೆ, ಸೋತರೆ ಸೋತೆ ಎಂದುಕೊಂಡು ಇಂದ್ರಾಣಿ ಡ್ಯೂಟಿಗೆ ಹೋದರು.

ಬುಧವಾರ ಬೆಳಗಿನ ಟ್ರಿಪ್ಪು. ಸುತ್ತೂರು ದಾಟಿದ ಮೇಲೆ ಬಸ್ಸು ಸ್ವಲ್ಪ ಖಾಲಿಯಾಗಿತ್ತು. ಐವತ್ತು ದಾಟಿದ ರೈತರೊಬ್ಬರು ಹತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

“ಎಲ್ಲಿಗೆ?”

“ನರ್ಸೀಪುರ ಕಣಮ್ಮ. ತಾಲ್ಲೂಕಾಪೀಸು.”

ಪಕ್ಕದ ಸೀಟಿನವರಿಗೆ ಅವರ ಪರಿಚಯವಿತ್ತು. “ಏನ್ ಮಹಾದೇವಸ್ವಾಮಣ್ಣ, ಇನ್ನೂ ಮುಗ್ದಿಲ್ವಾ ನಿನ್ ಅದ್ದುಬಸ್ತು? ಆ ಸರ್ವೇರ್ನ ಅಳಿಯನ್ ಮಾಡ್ಕಂಬುಡು, ವಾಸಿ.”

“ಲೇ, ಅವ್ನು ಬಂದು ಅಳ್ದು ಓದ ಕಣ್ಲಾ. ಕಲ್ಲೇ ಸಿಕ್ನಿಲ್ಲ. ಅದ್ದೇ ಯಾವ್ದು ಅಂತ ಗೊತ್ತಾಗ್ದಿದ್ಮ್ಯಾಲೆ ಬಸ್ತು ಏನ್ ಮಾಡಾನು? ನಮ್ಮಪ್ಪನ್ ಕಾಲ್ದಲ್ಲಾದ್ರೆ ಅದ್ದಿನೋರ್ನ ಕರ್ಸುದ್ರೆ ಒಂದೊತ್ತಿಗೆ ಮುಗ್ದೋಗದು.”

ಟಿಕೆಟ್ ಹರಿಯುತ್ತಿದ್ದ ಇಂದ್ರಾಣಿಯ ಕೈ ಅಲ್ಲೇ ನಿಂತಿತು.

ಹದ್ದುಬಸ್ತು. ಈ ತಾಲ್ಲೂಕುಗಳಲ್ಲಿ ಹೊಲವಿದ್ದವರಿಗೆಲ್ಲ ಗೊತ್ತಿರುವ ಮಾತು. ಬದು ಒತ್ತರಿಸಿದರೆ, ಅಣ್ಣತಮ್ಮಂದಿರು ಜಗಳವಾಡಿದರೆ, ಅಳೆದು ಎಲ್ಲೆ ಗುರುತಿಸಿಕೊಡಿ ಎಂದು ಕೊಡುವ ಅರ್ಜಿಯ ಹೆಸರು. ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಅದರ ಶುಲ್ಕದ ಬೋರ್ಡಿದೆ. ಇಂದ್ರಾಣಿ ಅದರ ಕೆಳಗೇ ನಿಂತು ತಮ್ಮ ಅರ್ಜಿ ಕೊಟ್ಟಿದ್ದರು. ಬರವಣಿಗೆಯಲ್ಲಿ ಅದೊಂದೇ ಪದ. ಕಣ್ಣು ಅದನ್ನು ಒಡೆದು ನೋಡುವುದಿಲ್ಲ. ಆ ರೈತ ಒಡೆದು ಹೇಳಿದರು. ಹದ್ದು ಬೇರೆ, ಬಸ್ತು ಬೇರೆ. ಹದ್ದು ಎಂದರೆ ಎಲ್ಲೆ, ಗಡಿ. ಬಸ್ತು ಎಂದರೆ ಅದನ್ನು ಭದ್ರ ಮಾಡುವುದು. ದಿವಾನರ ಕಾಲದ ಕಚೇರಿಯಿಂದ ಊರೊಳಗೆ ಬಂದು ನಿಂತ ಮಾತು. ಹ ಬಿಟ್ಟು ಅವರು ಅದನ್ನು ಆಡಿದ ರೀತಿಯೂ ಬಸರಿಹುಂಡಿಯ ಹಳಬರು ಅವರ ಮನೆಯವರನ್ನು ಕರೆಯುತ್ತಿದ್ದ ರೀತಿಯೇ.

“ಯಾರನ್ನ ಕರೆಸ್ತಿದ್ರು ಅಂದ್ರಿ?”

“ಅದ್ದಿನೋರು ಅಂತ ಕಣಮ್ಮ. ನಮ್ ತೊರೆಕೊಪ್ಪಲಿನ್ ಪಕ್ಕದ್ ಬಸರಿಹುಂಡಿಲಿದ್ರಂತೆ. ನಾನ್ ಕಂಡಿಲ್ಲ, ನಮ್ಮವ್ವ ಯೋಳ್ತದೆ. ಯಾಕೆ?”

“ನಿಮ್ಮವ್ವ ಇದಾರಾ?”

“ಅವಳೆ. ನಂಗಿಂತ ಗಟ್ಟಿಯಾಗವಳೆ.”

ಇಂದ್ರಾಣಿ ಟಿಕೆಟ್ ಹರಿದು ಕೊಟ್ಟರು. “ನಾಳೆ ನಂಗೆ ರಜ. ಮನೆಗೆ ಬರ್ತೀನಿ ಅಂತ ಹೇಳಿ ನಿಮ್ಮವ್ವನಿಗೆ. ಹದ್ದಿನವರು ಬರ್ತಾರೆ ಅನ್ನಿ.”

ಮರುದಿನ ಪಾಪಮ್ಮನನ್ನು ಕರೆದುಕೊಂಡು ಇಂದ್ರಾಣಿ ತೊರೆಕೊಪ್ಪಲಿಗೆ ಹೋದರು. ಮಾದೇಶ್ ಕಾರ್ಖಾನೆಗೆ ರಜೆ ಹಾಕಿ ಬೈಕಿನಲ್ಲಿ ಹಿಂದೆ ಬಂದರು. ಅಕ್ಕ ಹೇಳಿದ್ದನ್ನು ತಾನೇ ಕಿವಿಯಾರೆ ಕೇಳದೆ ಒಪ್ಪುವವರಲ್ಲ ಅವರು.

ಮಹಾದೇವಸ್ವಾಮಿಯ ತಾಯಿ ಚಿಕ್ಕಮಾದಮ್ಮನಿಗೆ ಎಂಬತ್ತರ ಮೇಲಾಗಿದೆ. ಕಣ್ಣು ಮಂಜು, ಕಿವಿ ಚುರುಕು. ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದವರು ಬಂದವರನ್ನು ಒಬ್ಬೊಬ್ಬರಾಗಿ ಕೇಳಿ ತಿಳಿದುಕೊಂಡರು. ಸೊಸೆ ಕಾಫಿ ತಂದರು. ಎಲ್ಲರಿಗೂ ಒಂದೇ ಬಗೆಯ ಸ್ಟೀಲ್ ಲೋಟ. ಪಾಪಮ್ಮ ತಮ್ಮ ಲೋಟವನ್ನು ಒಮ್ಮೆ ತಿರುಗಿಸಿ ನೋಡಿ, ಆಮೇಲೆ ಕುಡಿದರು.

“ಸಿದ್ದಯ್ಯನ್ ಸೊಸೆಯಾ ನೀನು?” ಎಂದರು ಚಿಕ್ಕಮಾದಮ್ಮ.

“ಊಂ ಕಣಮ್ಮ.”

“ನಿಮ್ಮಾವನ್ನ ನನ್ ಮದ್ವೇಲಿ ನೋಡಿವ್ನಿ. ಮರ್ಯಕಾಯ್ತದಾ ಅದು.”

ಇಂದ್ರಾಣಿ ನೇರವಾಗಿ ಕೇಳಿದರು. “ಅದ್ದಿನೋರು ಅಂದ್ರೆ ಏನಮ್ಮ?”

“ಅದ್ದು ಕಾಯೋರು. ಅಲ್ಲಿಂದ್ ಇಲ್ಲಿಗಂಟ ನಮ್ಮೂರು, ಅಲ್ಲಿಂದಾಚ್ಗೆ ನಿಮ್ಮೂರು ಅಂತ ಬಲ್ಲೋರು ಅವ್ರೆಯ. ಎರಡೂರ್ಗೂ ಜಗಳ ಬಂದ್ರೆ ಸಿದ್ದಯ್ಯ ತಲೆ ಮ್ಯಾಲೆ ಒಂದ್ ಮಣ್ಣೆಂಟೆ ಇಟ್ಕಂಡು ನಡೀತಿದ್ದ. ಅವ ನಡ್ದಿದ್ದೇ ಗೆರೆ. ಪಟೇಲ್ರೂ ಎದ್ರು ಮಾತಾಡ್ತಿರ್ನಿಲ್ಲ.”

“ದನ ಸತ್ತಾಗ ಬರ್ತಿದ್ರು, ಅದಕ್ಕೆ ಹದ್ದು ಅಂತಾರಲ್ಲ?” ಎಂದರು ಮಾದೇಶ್. ನಿಂತೇ ಇದ್ದರು.

“ಯಾವನ್ಲಾ ಅಂದೋನು?” ಚಿಕ್ಕಮಾದಮ್ಮ ದನಿ ಬಂದ ಕಡೆ ತಿರುಗಿದರು. “ಚಾಕ್ರಿ ನಿಂತೋಯ್ತು. ಸರ್ವೇರು, ಸರ್ಪಳಿ ಬಂತು. ಆಮ್ಯಾಲ್ ಉಟ್ಟಿದ್ ಐಕ್ಳಿಗೆ ಅದ್ದು ಅಂದ್ರೆ ಮ್ಯಾಲಾರೋದೊಂದೇ ಗೊತ್ತು. ಅದ್ಕೆ ಒಂದ್ ಕಥೆ ಕಟ್ಟವ್ರೆ.”

ಆಮೇಲೆ ಅವರು ತಮ್ಮ ಮದುವೆಯ ದಿನದ ಮಾತು ಹೇಳಿದರು. ಹೆಣ್ಣಿನ ದಿಬ್ಬಣ ಬಸರಿಹುಂಡಿ ದಾಟಿ ತೊರೆಕೊಪ್ಪಲಿಗೆ ಬರಬೇಕು. ಎರಡು ಊರ ನಡುವಿನ ಗಡಿಯಲ್ಲಿ ಗಾಡಿ ನಿಲ್ಲಬೇಕು. ಎದುರುಗೊಳ್ಳಲು ಬಂದ ಗಂಡಿನ ಕಡೆಯ ಯಜಮಾನ ಹದ್ದಿನವರಿಗೆ ವೀಳ್ಯ ಕೊಡಬೇಕು. ಅವರು ತೆಗೆದುಕೊಂಡ ಮೇಲೆ ಗಾಡಿ ಗಡಿ ದಾಟಬೇಕು. ಹದ್ದಿನ ವೀಳ್ಯ ಎನ್ನುತ್ತಿದ್ದರು.

“ನಮ್ಮಾವ ಎಲೆ ಅಡ್ಕೆ ತಕ್ಕಂದು ನೆಲದ್ ಮ್ಯಾಲೆ ಇಟ್ಟ. ನಿಮ್ಮೋರ್ ಕೈಗೆ ಕೊಡ್ತಿರ್ನಿಲ್ಲ ಆವಾಗ.”

ಪಾಪಮ್ಮ ಲೋಟ ಕೆಳಗಿಟ್ಟರು. “ನಮ್ಮಾವ ಎತ್ಕಂಡ್ರಾ?”

“ಎಲ್ ಎತ್ಕಂಡ? ಸುಮ್ಕೆ ಕುಂತ. ಕೈಗ್ ಕೊಡಿ ಅಂತಲೂ ಅನ್ನಿಲ್ಲ, ಒಲ್ಲೆ ಅಂತಲೂ ಅನ್ನಿಲ್ಲ. ಬಿಸ್ಲು ಏರ್ತಾ ಅದೆ. ನಾನು ಗಾಡೀಲಿ ತಲೆ ತಗ್ಗಿಸ್ಕಂಡು ಕುಂತಿವ್ನಿ, ಎಲೆ ಬಾಡೋದ್ ಕಾಣ್ತದೆ. ಮೂರ್ತ ಮೀರ್ತದೆ ಅಂತ ಐನೋರು ಕೂಕ್ಕತವ್ರೆ. ಎತ್ಕೊಳ್ಳೋಗಂಟ ಗಾಡಿ ಚಕ್ರ ಉಳ್ಳಂಗಿಲ್ವಲ್ಲ.”

“ಆಮೇಲೆ?” ಎಂದರು ಇಂದ್ರಾಣಿ.

“ಆಮೇಲೇನು. ನಮ್ಮಾವನೇ ಬಗ್ದ. ಬೇರೆ ಎಲೆ ಈಸ್ಕಂಡು ಸಿದ್ದಯ್ಯನ್ ಕೈಗೇ ಕೊಟ್ಟ. ಕೈಗೇ. ಅವ ತಕ್ಕಂದು ಎದ್ ನಿಂತು ಅಂಗೈ ಆ ಕಡೆ ತೋರ್ದ. ಗಾಡಿ ಓಯ್ತು. ಊರೆಲ್ಲಾ ತಿಂಗಳಾನ್ಗಟ್ಲೆ ಅದೇ ಮಾತು. ನನ್ ಸೀರೆ ಎಂಗಿತ್ತು ಅಂತ ಒಬ್ರೂ ಕೇಳ್ನಿಲ್ಲ.”

ಪಾಪಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, “ಇಂಥ ಮಾವ ಅಂತ ನಂಗ್ ಯಾರೂ ಏಳ್ನಿಲ್ವಲ್ಲ,” ಎಂದರು.

ಇಂದ್ರಾಣಿ ಫೋನ್ ತೆಗೆದು ನಂಜನಗೂಡಿನ ಪುಸ್ತಕದ ಚಿತ್ರವನ್ನು ತಮ್ಮನ ಮುಂದೆ ಹಿಡಿದರು. ‘ಹದ್ದು ಬಾಬ್ತು ಇನಾಮು’. ಹಿಂದಿನ ಸಲ ಅದನ್ನು ಹದ್ದಿನ ಮನೆಯವರ ಬಾಬ್ತು ಎಂದು ಓದಿದ್ದರು. ಈಗ ಇದ್ದ ಹಾಗೇ ಓದಿದರು: ಗಡಿ ನೋಡಿಕೊಳ್ಳುವ ಕೆಲಸದ ಬಾಬ್ತು ಕೊಟ್ಟ ಜಮೀನು. ಮನೆತನದಿಂದ ಕೆಲಸಕ್ಕೆ ಹೆಸರು ಬಂದಿರಲಿಲ್ಲ. ಕೆಲಸದಿಂದ ಮನೆತನಕ್ಕೆ ಬಂದಿತ್ತು. ನಂಜನಗೂಡಿನ ಕಡೆ ಬರೆದವನಿಗೆ ಅದು ಗೊತ್ತಿತ್ತು, ನರಸೀಪುರದ ಕಡೆ ಬರೆದವನಿಗೆ ಗೊತ್ತಿರಲಿಲ್ಲ.

ಮಾದೇಶ್ ಫೋನನ್ನು ಕೈಗೆ ತೆಗೆದುಕೊಂಡು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಜಗಲಿಯ ಅಂಚಿನಲ್ಲಿ ಕುಳಿತು, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

“ಅಂದ್ರೂ ಅಕ್ಕ, ಕಂಡೋರಿಗೆಲ್ಲ ಇದು ಹಕ್ಕಿ ಅಲ್ಲ ಅಂತ ಯಾರು ಹೇಳ್ಕೊಂಡು ತಿರುಗ್ತಾರೆ?”

“ಹೇಳೋದೇನಿದೆ? ಹೊಲ ಇರೋ ಯಾರ್ನಾದ್ರೂ ಕೇಳು. ಒಬ್ಬೊಬ್ರ ಮನೇಲೂ ಒಂದೊಂದು ಹದ್ದುಬಸ್ತು ಅರ್ಜಿ ಕೊಳೀತಾ ಇದೆ.”

ಮಹಾದೇವಸ್ವಾಮಿ ನಕ್ಕರು. “ಅದ್ ದಿಟ ಕಣಮ್ಮ. ಅಂಗಾದ್ರೆ ಒಸಿ ಬಂದು ನಮ್ ಕಲ್ಲು ಎಲ್ಲದೆ ಅಂತ ತೋರ್ಸ್ಕೊಟ್ ಓಗಿ ಮತ್ತೆ.”

“ವೀಳ್ಯ ತನ್ನಿ,” ಎಂದರು ಇಂದ್ರಾಣಿ. “ಕೈಗೇ ಕೊಡ್ಬೇಕು.”

ಬಸ್ ಸ್ಟಾಪಿನವರೆಗೆ ಮೂವರೂ ನಡೆದೇ ಹೋದರು. ಮಾದೇಶ್ ಬೈಕು ತಳ್ಳಿಕೊಂಡು ಬಂದರು. ತೊರೆಕೊಪ್ಪಲು ಮುಗಿದು ಬಸರಿಹುಂಡಿ ಶುರುವಾಗುವಲ್ಲಿ ಈಗ ಡಾಂಬರು ರಸ್ತೆ, ಅದರ ಬದಿಗೆ ಲಾಂಟಾನ ಪೊದೆ. ಪಾಪಮ್ಮ ಅಲ್ಲಿ ನಿಂತು ಆಚೆ ಈಚೆ ನೋಡಿದರು. ಮದುವೆಯಾದಾಗಿನಿಂದ ಎಷ್ಟೋ ಸಲ ಓಡಾಡಿದ ಜಾಗ.

“ಯಾವ್ ಕಡೆ ಕುಂತಿದ್ನೋ,” ಎಂದರು.

“ನಮ್ ಕಡೆ,” ಎಂದರು ಮಾದೇಶ್.

ಶುಕ್ರವಾರ ಶಾಲೆಯ ಕಚೇರಿಗೆ ಯಶೋಧರಾಳ ಜತೆ ಮಾದೇಶ್ ಹೋದರು. ಇಂದ್ರಾಣಿ ಟ್ರಿಪ್ಪಿನ ನಡುವೆ ಸಿಕ್ಕ ಬಿಡುವಿನಲ್ಲಿ, ಟಿಕೆಟ್ ಮೆಷಿನ್ ಹೆಗಲಿಗೆ ಹಾಕಿಕೊಂಡೇ ಬಂದು ಬಾಗಿಲಲ್ಲಿ ನಿಂತರು. ಮಾದೇಶ್ ಕಾಗದಕ್ಕೆ ಸಹಿ ಹಾಕಿ ಮುಂದೆ ತಳ್ಳಿದರು. ಗುಮಾಸ್ತ ಗುರುಪ್ರಸಾದ್ ಅದನ್ನು ಓದಿ, ಕನ್ನಡಕ ಮೇಲೆತ್ತಿ ಹುಡುಗಿಯನ್ನು ನೋಡಿದರು.

“ಹದ್ದಿನ... ಹದ್ದು ಅಂದ್ರೆ ಪಕ್ಷಿ ಅಲ್ವೇನಮ್ಮ? ನೋಡ್ಕೊ, ಇವತ್ತು ಹೋದ್ರೆ ಹೋಯ್ತು. ಆಮೇಲೆ ಬದಲಾಯ್ಸಕ್ಕಾಗಲ್ಲ.”

ಮಾದೇಶ್ ಬಾಯಿ ತೆರೆದರು. ಅಷ್ಟರಲ್ಲಿ ಯಶೋಧರಾ ಹೇಳಿಯಾಗಿತ್ತು.

“ಪಕ್ಷಿ ಅಲ್ಲ ಸಾರ್. ಹದ್ದುಬಸ್ತಿನ ಹದ್ದು.”

“ಓ,” ಎಂದರು ಗುರುಪ್ರಸಾದ್. ಕನ್ನಡಕ ಮೂಗಿಗಿಳಿಯಿತು. “ನಮ್ದೂ ಒಂದಿದೆ. ಅರ್ಜಿ ಕೊಟ್ಟು ವರ್ಷ ಆಯ್ತು, ಯಾರೂ ಬಂದಿಲ್ಲ.” ಮಾದೇಶ್ ಅಕ್ಕನ ಕಡೆ ನೋಡಿದರು. ಅಕ್ಕ ಬೇರೆಲ್ಲೋ ನೋಡುತ್ತಿದ್ದರು.

ಗುರುಪ್ರಸಾದ್ ಕನ್ನಡದಲ್ಲಿ ಟೈಪ್ ಮಾಡಿ ಮುಗಿಸಿ, ಇಂಗ್ಲಿಷ್ ಅಕ್ಷರಗಳ ಸಾಲಿಗೆ ಬಂದು ನಿಂತರು. “ಒಂದು ಡಿ ಹಾಕ್ಲಾ, ಎರಡಾ?”

“ಎರಡು ಹಾಕಿ ಸಾರ್,” ಎಂದಳು ಯಶೋಧರಾ. “ಒಂದೇ ಹಾಕಿದ್ರೆ ಹದಿನಾರಾಗ್ಬಿಡತ್ತೆ.”